ಮಣ್ಣು ಮೆತ್ತುವವಳು

ದೊಡ್ಡಮುನಿಯಮ್ಮ ಹೊಸ್ತಿಲ ಮೇಲೆ ಅಡ್ಡಲಾಗಿ ಕಾಲು ಚಾಚಿ ಕೂತುಬಿಟ್ಟಿದ್ದಳು. ಬೆನ್ನು ಈ ಕಡೆಯ ಬಾಗಿಲವಾಡಕ್ಕೆ, ಅಂಗಾಲು ಆ ಕಡೆಯ ಬಾಗಿಲವಾಡಕ್ಕೆ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಕೆಲಸಗಾರರ ಲೈನ್ ಮನೆಗಳಿಗೆ ಇರುವುದೇ ಒಂದು ಬಾಗಿಲು. ಕಿಟಕಿಯೆಂದರೆ ಬೆಕ್ಕು ನುಗ್ಗುವಷ್ಟು. ಒಳಗೆ ಸೊಸೆ ಕದಿರಮ್ಮ ಬಿಳಿ ಖಾದಿ ಸೀರೆ ಉಟ್ಟು, ಹೆಗಲಿಗೆ ಚೀಲ ಹಾಕಿಕೊಂಡು ನಿಂತಿದ್ದಳು. ಹೊರಗೆ ಮೂರನೇ ಮನೆಯ ನರಸಮ್ಮ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದ್ದಳು. ಅವಳ ಗಂಡ ಕುಪ್ಪುಸ್ವಾಮಿ ಬಟ್ಟೆಗಂಟು ಹಿಡಿದು, ಎತ್ತ ನೋಡುವುದೋ ತಿಳಿಯದೆ ಆಕಾಶ ನೋಡುತ್ತಿದ್ದ.

"ಇವತ್ತು ನೀನು ರೈಲು ಅತ್ತೋದು ನಾನೂ ನೋಡ್ತೀನಿ" ಎಂದಳು ಮುದುಕಿ. "ನೀನು ಕೆಟ್ಟಿದ್ದು ಸಾಲ್ದು ಅಂತ ಕಂಡೋರ ಮನೆ ಎಣ್ಣುಮಗಳನ್ನೂ ಎಳ್ಕೊಂಡು ಒಂಟಿದೀಯಾ?"

"ನರಸಮ್ಮ ತಾನಾಗೇ ಬತ್ತೀನಿ ಅಂದ್ಳು. ಕಾಲು ತೆಗೀರಿ ಅತ್ತೆ, ರೈಲು ಬರೋ ಒತ್ತಾಯ್ತು."

"ತೆಗೆಯಾಕಿಲ್ಲ. ದಾಟ್ಕೊಂಡು ಓಗು, ನೋಡಾನ."

ಹಿರಿಯರ ಕಾಲು ದಾಟುವುದು ಎಂಥ ಕೆಲಸವೆಂದು ಆ ಲೈನಿನಲ್ಲಿ ಹಾಲು ಕುಡಿಯುವ ಮಗುವಿಗೂ ಗೊತ್ತಿತ್ತು. ಕದಿರಮ್ಮ ಗಂಡನ ಕಡೆ ತಿರುಗಿದಳು. ಬಚ್ಚಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಮಂಚದ ಮೇಲೆ ಕೂತಿದ್ದ. ಗಣಿಯೊಳಗೆ ಸುರಂಗಕ್ಕೆ ಮರದ ಆಸರೆ ಕಟ್ಟುವ ಕೆಲಸ ಅವನದು. ಕೈಯಲ್ಲಿ ಕಾಫಿಯ ಲೋಟವಿತ್ತು. ಅವನು ಆ ಲೋಟದೊಳಗೇ ಏನೋ ಕಳೆದುಕೊಂಡವನಂತೆ ನೋಡುತ್ತಿದ್ದ.

ಕದಿರಮ್ಮ ನೆರಿಗೆ ಎತ್ತಿ ಹಿಡಿದು, ಮುದುಕಿಯ ಮೊಣಕಾಲಿನ ಮೇಲಿಂದ ಹಾದು, ಬೀದಿಗೆ ಇಳಿದಳು.

ನಲ್ಲಿಯ ಹತ್ತಿರ ಕೊಡ ಹಿಡಿದು ನಿಂತಿದ್ದ ಹೆಂಗಸರು ನೀರು ತುಂಬಿ ಹರಿಯುತ್ತಿದ್ದರೂ ನಲ್ಲಿ ತಿರುಗಿಸಲಿಲ್ಲ. ಆಮೇಲೆ ದೊಡ್ಡಮುನಿಯಮ್ಮನ ಕೂಗು ಎದ್ದಿತು. "ದಾಟುಬುಟ್ಳಲ್ರೋ! ನನ್ನ ಕಾಲು ದಾಟುಬುಟ್ಳಲ್ರೋ!" ಕದಿರಮ್ಮ ತಿರುಗಲಿಲ್ಲ. ನರಸಮ್ಮನ ರಟ್ಟೆ ಹಿಡಿದು, "ನಡಿಯಮ್ಮ" ಎಂದಳು.

ಕದಿರಮ್ಮ ಹೀಗೆ ಬೆಳಗಿನ ರೈಲು ಹಿಡಿದು ಬಂಗಾರಪೇಟೆಗೆ ಹೋಗಿಬರಲು ಶುರುಮಾಡಿ ವರ್ಷ ಮೀರಿತ್ತು. ಅದಕ್ಕೂ ಮೊದಲು ಅವಳಿಗೆ ಒಂದು ಹೆರಿಗೆಯಾಗಿ, ಕೂಸು ಉಸಿರಾಡದೆ ಹೋಗಿ, ಅದರ ಹಿಂದೆಯೇ ಮಂಡಿ, ಬೆರಳ ಗೆಣ್ಣು ಎಲ್ಲ ಊದಿಕೊಂಡಿದ್ದವು. ಇಪ್ಪತ್ತೈದು ತುಂಬದವಳು ಗೋಡೆ ಹಿಡಿದು ನಡೆಯುತ್ತಿದ್ದಳು. ಗುಳಿಗೆ ನುಂಗಿದಷ್ಟು ದಿನ ಬಾವು ಇಳಿಯುವುದು, ಬಿಟ್ಟರೆ ಮತ್ತೆ ಏರುವುದು. ಆಗ ಯಾರೋ ಬೂದಿಕೋಟೆ ರಸ್ತೆಯ ಮಾವಿನ ತೋಪಿನಲ್ಲಿರುವ ಮಣ್ಣಿನ ಆಸ್ಪತ್ರೆಯ ಸುದ್ದಿ ಹೇಳಿದರು. ಅಲ್ಲಿ ಒಂದು ತಿಂಗಳು ಇದ್ದಳು. ನಿಂಬೆನೀರು, ಬೂದುಗುಂಬಳದ ರಸ, ತಗಡಿನ ತೊಟ್ಟಿಯಲ್ಲಿ ಸೊಂಟದವರೆಗೆ ನೀರಿನಲ್ಲಿ ಕೂರುವುದು, ಕಣ್ಣು ಮುಚ್ಚಿ ಬಿಸಿಲಿನಲ್ಲಿ ಮಲಗುವುದು. ತಿಂಗಳು ಕಳೆದ ಮೇಲೆ ತೋಪಿನಿಂದ ಸ್ಟೇಷನ್ನಿನವರೆಗೆ ನಡೆದುಕೊಂಡೇ ಬಂದಳು.

ವಾಸಿಯಾದವರು ಕೈಮುಗಿದು ಮನೆಗೆ ಹೋಗುತ್ತಾರೆ. ಕದಿರಮ್ಮ ಹೋಗಲಿಲ್ಲ. "ನಂಗೆ ಯಾಕೆ ವಾಸಿ ಆಯ್ತು ಮೇಷ್ಟ್ರೇ?" ಎಂದು ಕೇಳಿದಳು.

ಆ ಚಿಕಿತ್ಸಾಲಯ ನಡೆಸುತ್ತಿದ್ದ ರಾಮಚಂದ್ರಪ್ಪನವರು ಹಿಂದೆ ಶಾಲೆಯ ಮೇಷ್ಟ್ರಾಗಿದ್ದವರು. ನಲವತ್ತೆರಡರ ಚಳವಳಿಯಲ್ಲಿ ಜೈಲಿಗೆ ಹೋಗಿ, ಅಲ್ಲಿ ಉಬ್ಬಸದಿಂದ ಸಾಯುವಂತಾಗಿ, ಜೊತೆಯ ಕೈದಿಯೊಬ್ಬ ಹೇಳಿಕೊಟ್ಟ ಉಪವಾಸದಿಂದ ಬದುಕಿ ಬಂದಿದ್ದರು. ಆಮೇಲೆ ಪುಣೆಯ ಕಡೆಯ ಒಂದು ಆಶ್ರಮದಲ್ಲಿ ಎರಡು ವರ್ಷ ಕಲಿತು, ಪಾಲಿಗೆ ಬಂದ ಮಾವಿನ ತೋಪಿನಲ್ಲೇ ಹೆಂಚಿನ ಶೆಡ್ಡುಗಳನ್ನು ಕಟ್ಟಿಸಿದ್ದರು. ರೋಗಿಗಳು ಅವರನ್ನು ಏನೇನೋ ಕೇಳಿದ್ದರು. ಯಾಕೆ ವಾಸಿಯಾಯಿತು ಎಂದು ಮಾತ್ರ ಯಾರೂ ಕೇಳಿರಲಿಲ್ಲ. ಅವರು ಕನ್ನಡಕ ತೆಗೆದು ಒರೆಸಿಕೊಂಡು, "ಅದು ತಿಳಿಯಬೇಕಾದರೆ ಎರಡು ವರ್ಷ ಕಲಿಯಬೇಕು" ಎಂದರು. ತಮಾಷೆಗೆ ಅಂದರೋ ಏನೋ. ಮಾರನೆಯ ವಾರ ಕದಿರಮ್ಮ ಚೀಲ ಹಿಡಿದು ಬಂದಳು.

ಕಲಿಯುವುದೆಂದರೆ ಮೊದಲು ಮಣ್ಣು. ಕೆರೆಯ ತಳದಿಂದ ಮೊಣಕೈ ಆಳ ಅಗೆದು ತಂದು, ಒಣಗಿಸಿ, ಕುಟ್ಟಿ, ಬಟ್ಟೆಯಲ್ಲಿ ಜರಡಿ ಹಿಡಿಯಬೇಕು. ರಾತ್ರಿಯೆಲ್ಲ ನೆನೆಹಾಕಿ ಬೆಳಿಗ್ಗೆ ರೊಟ್ಟಿಹಿಟ್ಟಿನ ಹದಕ್ಕೆ ನಾದಿ, ತೆಳು ಬಟ್ಟೆಯಲ್ಲಿ ಪಟ್ಟಿ ಮಾಡಿ ಹೊಟ್ಟೆಯ ಮೇಲೆ ಇಡಬೇಕು. ಆಮೇಲೆ ನೀರು: ಯಾರಿಗೆ ತಣ್ಣೀರು, ಯಾರಿಗೆ ಉಗುರುಬೆಚ್ಚಗೆ, ಎಷ್ಟು ಹೊತ್ತು. ಆಮೇಲೆ ಮೈ ತಿಕ್ಕುವುದು, ಎನಿಮಾ ಕೊಡುವುದು, ಉಪವಾಸ ಬಿಡಿಸುವುದು. ನಾಲ್ಕನೇ ಕ್ಲಾಸಿಗೆ ಬಿಟ್ಟಿದ್ದ ಓದನ್ನು ಮೇಷ್ಟ್ರು ಸಂಜೆ ಸಂಜೆ ಮತ್ತೆ ಹಿಡಿಸಿದರು. ಜೊತೆಗೆ ಕಲಿಯುತ್ತಿದ್ದವನು ಚಲಪತಿ, ಬೂದಿಕೋಟೆಯ ರೈತರ ಹುಡುಗ. ಗಂಡಸರ ಶೆಡ್ಡು ಅವನದು, ಹೆಂಗಸರ ಶೆಡ್ಡು ಇವಳದು. ಮೊದಲು ಹೆಂಗಸರು ಈ ತೋಪಿನ ಒಳಗೆ ಕಾಲಿಡಲೇ ಹೆದರುತ್ತಿದ್ದರು. ಕದಿರಮ್ಮ ಬಂದ ಮೇಲೆ ಅವರ ಶೆಡ್ಡು ತುಂಬಿತು.

ಲೈನಿನಲ್ಲಿ ಅವಳಿಗೆ 'ಮಣ್ಣು ಮೆತ್ತೋಳು' ಎಂದು ಹೆಸರಾಯಿತು. ದೊಡ್ಡಮುನಿಯಮ್ಮನಿಗೆ ಮಣ್ಣಿಗಿಂತ ಎನಿಮಾದ ಸುದ್ದಿ ಕೇಳಿ ಮೈಯೆಲ್ಲ ಉರಿದಿತ್ತು. "ಕಂಡೋರ ಅಂಡು ತೊಳೆಯೋ ಕೆಲ್ಸ ನಮ್ಮ ವಂಶದಾಗೆ ಯಾರೂ ಮಾಡ್ಲಿಲ್ಲ. ಮೇಲೆ ಗಂಡ ಬದುಕಿದ್ದಂಗೇ ಬಿಳಿ ಸೀರೆ!" ಎಂದು ನಲ್ಲಿಯ ಹತ್ತಿರ ಹೇಳಿಕೊಂಡು ಅಳುತ್ತಿದ್ದಳು. ಕದಿರಮ್ಮ ಆ ಸೀರೆಯನ್ನು ಎಲ್ಲರಿಗೂ ಕಾಣುವಂತೆ ಹಗ್ಗದ ಮೇಲೆ ಹರವುತ್ತಿದ್ದಳು.

ನರಸಮ್ಮನಿಗೆ ಬಹಳ ದಿನದಿಂದ ಹೊಟ್ಟೆ ಸರಿಯಿರಲಿಲ್ಲ. ತಿಂದದ್ದು ಅರಗದು, ಹೊಟ್ಟೆ ಉಬ್ಬರ. "ನಿಮ್ಮ ಮೇಷ್ಟ್ರ ಹತ್ರ ನನ್ನೂ ಕರ್ಕೊಂಡೋಗಕ್ಕಾ" ಎಂದು ಅವಳೇ ದುಂಬಾಲು ಬಿದ್ದಿದ್ದಳು. ಹೊರಡುವ ಹಿಂದಿನ ರಾತ್ರಿ ಹೊಕ್ಕುಳ ಸುತ್ತ ಬೇರೆಯೇ ಒಂದು ನೋವು ಶುರುವಾಗಿತ್ತು. ರೈಲಿನಲ್ಲಿ ಅದನ್ನು ಹೇಳಿದಳು. ಕದಿರಮ್ಮ ಅದನ್ನೂ ಹಳೆಯ ನೋವಿನ ಲೆಕ್ಕಕ್ಕೇ ಹಾಕಿದಳು. "ಎರಡು ದಿನ ಉಪವಾಸ ಇದ್ರೆ ಎಲ್ಲಾ ಇಳೀತದೆ. ನಾನಿದೀನಲ್ಲ, ಯಾಕೆ ಎದ್ರುತೀಯ?" ಎಂದಳು.

ಮೇಷ್ಟ್ರು ನರಸಮ್ಮನ ನಾಲಿಗೆ ನೋಡಿದರು, ಏನು ತಿನ್ನುತ್ತೀಯೆಂದು ಕೇಳಿದರು, ಮಿಲ್ಲಿನ ಅಕ್ಕಿಯನ್ನೂ ಮೂರು ಹೊತ್ತಿನ ಟೀಯನ್ನೂ ಬೈದರು. ಉಪವಾಸ, ಎನಿಮಾ, ಹೊಟ್ಟೆಗೆ ಮಣ್ಣುಪಟ್ಟಿ ಎಂದು ಹೇಳಿ ಎದ್ದರು. ಎಲ್ಲವನ್ನೂ ಕದಿರಮ್ಮ ತನ್ನ ಕೈಯಾರೆ ಮಾಡಿದಳು. ಆ ದಿನ ಮನೆಗೆ ಹೋಗದೆ ಅವಳ ಪಕ್ಕದಲ್ಲೇ ಚಾಪೆ ಹಾಸಿಕೊಂಡಳು.

ಬೆಳಗಾಗುವ ಹೊತ್ತಿಗೆ ನರಸಮ್ಮನ ಮೈ ಕಾಯುತ್ತಿತ್ತು. ಎರಡು ಸಲ ಹಸಿರು ಪಿತ್ತ ವಾಂತಿಯಾಯಿತು. ನೋವು ಹೊಕ್ಕುಳಿನಿಂದ ಕೆಳಗೆ, ಬಲಗಡೆಗೆ ಇಳಿದು ಕೂತಿತ್ತು. ಕಾಲು ಮಡಚಿಕೊಂಡು ಮಲಗಿದವಳು ಚಾಚಲು ಒಪ್ಪಲಿಲ್ಲ. ಮೇಷ್ಟ್ರು ಬಂದು ನೋಡಿ, "ಹೆದರಬೇಡ. ಕೂಡಿಟ್ಟ ವಿಷವನ್ನು ದೇಹ ಹೊರಕ್ಕೆ ಎಸೆಯುವಾಗ ಹೀಗೇ. ಇದು ರೋಗವಲ್ಲ, ರೋಗ ಬಿಟ್ಟುಹೋಗುವ ಸದ್ದು" ಎಂದರು. ಕದಿರಮ್ಮನಿಗೂ ತನ್ನ ಉಪವಾಸದ ದಿನಗಳಲ್ಲಿ ಜ್ವರ ಬಂದು ಬಿಟ್ಟದ್ದು ನೆನಪಿತ್ತು. ಪಟ್ಟಿ ಬದಲಾಯಿಸಿದಳು.

ಮಧ್ಯಾಹ್ನದ ಹೊತ್ತಿಗೆ ನರಸಮ್ಮ ಇದ್ದಕ್ಕಿದ್ದಂತೆ ಕಾಲು ಸಡಿಲಬಿಟ್ಟು, "ಅಕ್ಕಾ, ನೋವು ಓಯ್ತು" ಎಂದಳು. ಮೇಷ್ಟ್ರು ನಕ್ಕರು. "ನೋಡಿದೆಯಾ?" ಎಂದು ಕದಿರಮ್ಮನ ಕಡೆ ತಿರುಗಿ ಹೇಳಿ, ಗಂಡಸರ ಶೆಡ್ಡಿನ ಕಡೆ ನಡೆದರು.

ಕದಿರಮ್ಮ ಹೊಸ ಪಟ್ಟಿ ತಂದು ಹಳೆಯದನ್ನು ತೆಗೆದು ಹೊಟ್ಟೆಯ ಮೇಲೆ ಅಂಗೈ ಇಟ್ಟಳು. ಇಟ್ಟವಳು ಹಾಗೇ ಕೂತುಬಿಟ್ಟಳು.

ವರ್ಷದಿಂದ ಅವಳ ಕೈ ಎಷ್ಟೋ ಹೊಟ್ಟೆಗಳನ್ನು ಮುಟ್ಟಿತ್ತು. ಉಬ್ಬಿದ್ದು, ಬತ್ತಿದ್ದು, ಬಾಣಂತಿಯ ಜೋಲು ಹೊಟ್ಟೆ, ಬಸುರಿ ಹೊಟ್ಟೆ. ಎಲ್ಲವೂ ಉಸಿರಿನ ಜೊತೆ ಏರುತ್ತಿದ್ದವು, ಇಳಿಯುತ್ತಿದ್ದವು, ಒತ್ತಿದರೆ ಒಳಕ್ಕೆ ಹೋಗುತ್ತಿದ್ದವು. ಇದು ಹೋಗಲಿಲ್ಲ. ಹಲಗೆಯ ಮೇಲೆ ಕೈ ಇಟ್ಟಂತಿತ್ತು. ನರಸಮ್ಮನ ಎದೆ ಚಿಕ್ಕ ಚಿಕ್ಕ ಉಸಿರು ತೆಗೆಯುತ್ತಿತ್ತು. ಹೊಟ್ಟೆ ಮಾತ್ರ ಬೇರೆ ಯಾರದೋ ಎಂಬಂತೆ ಅಲುಗದೆ ಇತ್ತು. ತುಟಿಯ ಸುತ್ತ ಬೂದಿ ಬಣ್ಣ. ಇದು ಏನೆಂದು ಕದಿರಮ್ಮನಿಗೆ ತಿಳಿಯಲಿಲ್ಲ. ತಿಳಿಯದು ಎನ್ನುವುದಷ್ಟೇ ಚೆನ್ನಾಗಿ ತಿಳಿಯಿತು.

ಅವಳು ಕೈಯ ಮಣ್ಣನ್ನೂ ತೊಳೆಯದೆ ಓಡಿದಳು. "ಮೇಷ್ಟ್ರೇ, ನರಸಮ್ಮನ ಒಟ್ಟೆ ಕಲ್ಲಾಗದೆ. ಆಸ್ಪತ್ರೆಗೆ ಕರ್ಕೊಂಡೋಗಾನ."

"ನೋವು ಹೋಯಿತು ಅಂತ ಅವಳೇ ಹೇಳಿದಳಲ್ಲ?"

"ಓಗಿದ್ದೇ ಸರಿ ಕಾಣಾಕಿಲ್ಲ ನಂಗೆ. ನೀವೇ ಒಂದ್ಸಲ ಮುಟ್ಟಿ ನೋಡಿ."

ಮೇಷ್ಟ್ರು ಹೆಂಗಸರ ಮೈ ಮುಟ್ಟುತ್ತಿರಲಿಲ್ಲ. ಅದು ಅವರ ವ್ರತ. ಅವಳಿಗೂ ಅದು ಗೊತ್ತಿತ್ತು. ಅವರು ಸಮಾಧಾನವಾಗಿಯೇ ಹೇಳಿದರು: "ನೋಡು ಕದಿರಮ್ಮ, ಇಲ್ಲಿಂದ ಇದುವರೆಗೆ ಒಬ್ಬರನ್ನೂ ನಾನು ಕತ್ತರಿಯ ಕೈಗೆ ಕಳಿಸಿಲ್ಲ. ನಡುನೀರಿನಲ್ಲಿ ಹೆದರಿದವರೇ ಮುಳುಗುವುದು. ಒಬ್ಬಳಿಗೋಸ್ಕರ ನೀನು ಓಡಿದರೆ ನಾಳೆ ಶೆಡ್ಡು ಪೂರ್ತಿ ಓಡುತ್ತದೆ. ಸಾಯಂಕಾಲದವರೆಗೆ ಕಾಯಿ."

"ಸಾಯಂಕಾಲಕ್ಕೆ ಅವಳು ಇಲ್ದಿದ್ರೆ?"

"ನಿನಗೆ ನಂಬಿಕೆ ಇಲ್ಲ."

"ಇಲ್ಲ" ಎಂದಳು ಕದಿರಮ್ಮ. ಅಂದ ಮಾತು ವಾಪಸು ತೆಗೆದುಕೊಳ್ಳದೆ ರಸ್ತೆಗೆ ಓಡಿದಳು.

ರಸ್ತೆಯಲ್ಲಿ ಹುಲ್ಲು ತುಂಬಿದ ಗಾಡಿಯೊಂದು ಬಂಗಾರಪೇಟೆಯ ಕಡೆ ಹೋಗುತ್ತಿತ್ತು. ಅವಳು ನಡುರಸ್ತೆಯಲ್ಲಿ ಕೈ ಅಗಲಿಸಿ ನಿಂತಳು. ಎತ್ತು ಬೆದರಿದವು, ಗಾಡಿಯವನು ಬೈದ, ಅವಳು ಹುಲ್ಲಿನ ಹೊರೆ ಎರಡನ್ನು ತಾನೇ ಎಳೆದು ಕೆಳಕ್ಕೆ ಹಾಕಿ ಜಾಗ ಮಾಡಿದಳು. ಚಲಪತಿ ಮೇಷ್ಟ್ರ ಮುಖ ನೋಡಿದ, ಇವಳ ಮುಖ ನೋಡಿದ. ಆಮೇಲೆ ತಲೆ ತಗ್ಗಿಸಿಕೊಂಡು ಒಳಗೆ ಹೋಗಿ ನರಸಮ್ಮನನ್ನು ಚಾದರದ ಸಮೇತ ಎತ್ತಿಕೊಂಡು ಬಂದ.

ಗೇಟಿನ ಹತ್ತಿರ ಮೇಷ್ಟ್ರು ನಿಂತಿದ್ದರು. ಅವರ ದನಿ ಏರಲಿಲ್ಲ. "ಹೋಗುವುದಾದರೆ ಹೋಗು. ಮತ್ತೆ ಇಲ್ಲಿಗೆ ಬರಬೇಡ."

ಕದಿರಮ್ಮ ಗಾಡಿಯ ಮೇಲೆ ನರಸಮ್ಮನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು, "ಒಡಿಯಪ್ಪಾ ಗಾಡಿ" ಎಂದಳು.

ಬಂಗಾರಪೇಟೆಯಲ್ಲಿ ಗಣಿಯ ಕಡೆ ಹೋಗುವ ಮಾರಿಕುಪ್ಪಂ ರೈಲು ಹೊರಡಲು ನಿಂತಿತ್ತು. ಗಣಿಯ ಕೆಲಸದವರು ನಾಲ್ವರು ಸೇರಿ ನರಸಮ್ಮನನ್ನು ಬೆಂಚಿನ ಮೇಲೆ ಮಲಗಿಸಿದರು. ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿಸಿ, ಯಾರದೋ ಹಗ್ಗದ ಮಂಚ ತಂದು, ಗಣಿ ಕಂಪನಿಯ ಆಸ್ಪತ್ರೆಯವರೆಗೆ ಹೊತ್ತರು. ಸುದ್ದಿ ತಿಳಿದು ಕುಪ್ಪುಸ್ವಾಮಿ ಕೆಲಸದ ಬಟ್ಟೆಯಲ್ಲೇ ಓಡಿಬಂದ. ಅಷ್ಟು ಹೊತ್ತಿಗೆ ಅವಳನ್ನು ಆಪರೇಷನ್ ಕೋಣೆಯೊಳಗೆ ಒಯ್ದಿದ್ದರು. "ಉನ್ನ ನಂಬಿ ತಾನೇ ಕಳಿಸ್ದೆ ಅಕ್ಕಾ" ಎಂದ ಅವನು, ತಮಿಳೂ ಕನ್ನಡವೂ ಕಲಸಿಹೋಗಿ. "ನಿನ್ನನ್ನ ನಂಬಿ!"

"ಹೂಂ. ನನ್ದೇ ತಪ್ಪು" ಎಂದಳು ಕದಿರಮ್ಮ. ಅವನು ಹೊಡೆದಿದ್ದರೂ ಅವಳು ಅಲ್ಲಿಂದ ಕದಲುತ್ತಿರಲಿಲ್ಲ. ಕತ್ತಲಾಗುವವರೆಗೂ ಇಬ್ಬರೂ ಒಂದೇ ಬೆಂಚಿನ ಎರಡು ತುದಿಯಲ್ಲಿ ಕೂತಿದ್ದರು.

ಹೊರಗೆ ಬಂದ ಸರ್ಜನ್ನರಿಗೆ ಸಿಟ್ಟು ತಡೆಯಲಾಗುತ್ತಿರಲಿಲ್ಲ. ಅಪೆಂಡಿಕ್ಸು ಒಡೆದು ಹೊಟ್ಟೆಯೆಲ್ಲ ಕೀವಾಗಿದೆ, ಉಳಿದರೆ ಉಳಿದಳು ಎಂದರು. "ಹೊಟ್ಟೆ ಮೇಲೆ ಮಣ್ಣು! ಎನಿಮಾ ಬೇರೆ ಕೊಟ್ಟಿದ್ದಾರೆ. ಯಾರು ಈ ಕೆಲಸ ಮಾಡಿದ್ದು?"

"ನಾನು ಸಾರ್."

"ಇಲ್ಲಿಗೆ ಕರ್ಕೊಂಡು ಬಂದದ್ದು ಯಾರು?"

"ನಾನೇ ಸಾರ್."

ಸರ್ಜನ್ನರು ಅವಳ ಉಗುರುಗಳ ಸಂದಿನಲ್ಲಿ ಒಣಗಿದ್ದ ಮಣ್ಣನ್ನು ನೋಡಿ ಹೋದರು.

ನರಸಮ್ಮ ಉಳಿದಳು. ಸುಲಭವಾಗಿಯಲ್ಲ. ಜ್ವರ ಬಿಡುವುದು, ಮತ್ತೆ ಬರುವುದು, ಹೊಟ್ಟೆಗೆ ಹಾಕಿದ ನಳಿಗೆಯಿಂದ ಕೀವು ಸುರಿಯುವುದು. ಕದಿರಮ್ಮ ದಿನಾ ಬೆಳಿಗ್ಗೆ ಅಲ್ಲಿಗೆ ಹೋಗುತ್ತಿದ್ದಳು. ಕುಪ್ಪುಸ್ವಾಮಿ ಅವಳ ಕಡೆ ನೋಡುತ್ತಿರಲಿಲ್ಲ, ಹೋಗು ಎಂದೂ ಅನ್ನುತ್ತಿರಲಿಲ್ಲ. ಒಂದು ದಿನ ನರಸಮ್ಮನೇ ಕಣ್ಣು ಬಿಟ್ಟು, "ಅಕ್ಕಾ, ಅಣೆ ಮೇಲೆ ಕೈ ಇಡು. ನಿನ್ನ ಕೈ ತಣ್ಣಗಿರ್ತದೆ" ಎಂದಳು. ಕದಿರಮ್ಮನಿಗೆ ಅವತ್ತೇ ಮೊದಲು ಅಳು ಬಂದದ್ದು.

ಅವಳು ವಾರ್ಡಿಗೆ ಹೋಗುತ್ತಿದ್ದದ್ದು ನರಸಮ್ಮನಿಗಾಗಿ ಮಾತ್ರವಲ್ಲ. ಸರ್ಜನ್ನರು ಬರುವ ಹೊತ್ತು ನೋಡಿಕೊಂಡು ಬಾಗಿಲ ಹತ್ತಿರ ನಿಲ್ಲುತ್ತಿದ್ದಳು. "ಇದು ಇಂಥಾದ್ದು ಅಂತ ಎಂಗೆ ಗೊತ್ತಾಗ್ತದೆ ಸಾರ್?"

"ತಿಳಿದು ಏನು ಮಾಡ್ತೀಯ? ಇನ್ನೊಬ್ಬಳಿಗೆ ಮಣ್ಣು ಮೆತ್ತಬೇಕಾ?"

ಮಾರನೆಯ ದಿನ ಮತ್ತೆ ಅದೇ ಜಾಗ, ಅದೇ ಪ್ರಶ್ನೆ. ಅದರ ಮಾರನೆಯ ದಿನವೂ. ಕೊನೆಗೆ ಅವರಿಗೇ ಸಾಕಾಯಿತೋ, ಪ್ರಶ್ನೆ ಹಿಡಿಸಿತೋ, ನಡೆಯುತ್ತಿದ್ದವರು ನಿಂತು, ತಮ್ಮ ಬಿಳಿ ಕೋಟಿನ ಮೇಲೆಯೇ ಕೈ ಇಟ್ಟು ತೋರಿಸಿದರು. ನೋವು ಹೊಕ್ಕುಳಲ್ಲಿ ಹುಟ್ಟಿ ಬಲಕ್ಕೆ ಇಳಿದರೆ ಅನುಮಾನ ಪಡು. ಮೆಲ್ಲಗೆ ಒತ್ತು, ಥಟ್ಟನೆ ಬಿಡು. ಒತ್ತಿದಾಗಿನದಕ್ಕಿಂತ ಬಿಟ್ಟಾಗ ಹೆಚ್ಚು ನೋವಾದರೆ ಒಳಗೆ ಬೆಂಕಿ ಬಿದ್ದಿದೆ ಅಂತ ಅರ್ಥ. ಎನಿಮಾ ಕೊಡಬೇಡ, ಏನೂ ಕೊಡಬೇಡ. ಹೊಟ್ಟೆ ಬಿಗಿದಿರುವಾಗಲೇ ನೋವು ನಿಂತುಹೋಯಿತೋ, ಒಳಗೆ ಒಡೆದಿದೆ ಅಂತ, ಆಗ ಓಡು.

"ನಿಮ್ಮ ಮೇಷ್ಟ್ರಿಗೂ ಹೇಳು" ಎಂದು ಮುಂದಕ್ಕೆ ಹೋದವರು ಎರಡು ಹೆಜ್ಜೆ ವಾಪಸು ಬಂದರು. "ಇಲ್ಲಿ ಆಯಾ ಕೆಲಸ ಒಂದಿದೆ. ನಿನ್ನ ಕೈಗೆ ಅಂಜಿಕೆ ಇಲ್ಲ. ಆ ಮಣ್ಣನ್ನು ಬಿಟ್ಟು ಬಾ. ನಾನು ಹೇಳ್ತೀನಿ."

ಆ ಸುದ್ದಿ ಅವಳಿಗಿಂತ ಮೊದಲೇ ಮನೆ ಮುಟ್ಟಿತ್ತು. ಕಾಲು ದಾಟಿದ ದಿನದಿಂದ ಸೊಸೆಯ ಜೊತೆ ಮಾತು ಬಿಟ್ಟಿದ್ದ ದೊಡ್ಡಮುನಿಯಮ್ಮ ಸಾರಿಗೆ ಒಗ್ಗರಣೆ ಹಾಕಿ ಕಾಯುತ್ತಿದ್ದಳು. "ಕಂಪ್ನಿ ಕೆಲ್ಸ ಕಣೇ! ಜನ ವರ್ಷಗಟ್ಲೆ ಕಾದ್ರೂ ಸಿಗಾಕಿಲ್ಲ. ನೀಲಿ ಅಂಚಿನ ಸೀರೆ ಅವ್ರೇ ಕೊಡ್ತಾರಂತೆ" ಎಂದಳು.

"ನಾನು ಓಗಾಕಿಲ್ಲ ಅತ್ತೆ."

"ಯಾಕೇ? ಅಲ್ಲೂ ಅಂಡು ತೊಳೆಯೋದೇ, ಇಲ್ಲೂ ಅಂಡು ತೊಳೆಯೋದೇ. ಕಂಪ್ನೀಲಾದ್ರೆ ಮರ್ಯಾದೆ ಅದೆ!"

ಕದಿರಮ್ಮನಿಗೆ ನಗು ಬಂತು. "ಆಯಾ ಆದ್ರೆ ಏಳಿದ್ದು ಮಾಡ್ಬೇಕು. ಯಾಕೆ ಅಂತ ಕೇಳಂಗಿಲ್ಲ."

"ಅಲ್ಲಿ ಕೇಳಿದ್ದಕ್ಕೇ ತಾನೇ ನಿನ್ನ ಓಡ್ಸಿದ್ದು? ನಾಯಿ ಓಡ್ಸಿದಂಗೆ!"

"ಓಡ್ಸಿದ್ರೂ ಓಗ್ತೀನಿ. ನನ್ನ ಮಂಡಿ ವಾಸಿಯಾಗಿದ್ದು ಸುಳ್ಳಲ್ಲ, ನರಸಮ್ಮನ ಒಟ್ಟೆ ಕೆಟ್ಟಿದ್ದೂ ಸುಳ್ಳಲ್ಲ. ಯಾವ್ದುಕ್ಕೆ ಮಣ್ಣು, ಯಾವ್ದುಕ್ಕೆ ಕತ್ತರಿ ಅಂತ ನಂಗೆ ತಿಳೀಬೇಕು. ಅರ್ಧ ಕಲ್ತು ಬುಟ್ರೆ ನಾನು ಕೊಲೆಗಾತಿನೇ ಆಗಿ ಉಳೀತೀನಿ."

ಮುದುಕಿ ಮಗನ ಕಡೆ ತಿರುಗಿದಳು. "ಏಳ್ಲಾ! ಬಾಯಿ ಬಿದ್ದೋಗದಾ ನಿಂಗೆ?"

ಬಚ್ಚಪ್ಪ ಬೂಟಿನ ದಾರ ಕಟ್ಟುತ್ತಿದ್ದ. ಕಟ್ಟಿ ಮುಗಿಸಿ ಎದ್ದು ನಿಂತ. "ಕೆಳಗೆ ನಾವು ಮರ ಕೊಟ್ಟು ನಿಲ್ಸಿದ ಮೇಲೂ ಬಂಡೆ ಬೀಳ್ತದೆ ಅಮ್ಮ. ಬಿತ್ತು ಅಂತ ಮರ ಕೊಡಾದು ಬುಟ್ಬಿಡ್ತೀವಾ?" ಎಂದ. ಅಷ್ಟು ಉದ್ದದ ಮಾತನ್ನು ಅವನು ತಾಯಿಯ ಎದುರು ಎಂದೂ ಆಡಿರಲಿಲ್ಲ. ಆಡಿದ್ದಕ್ಕೆ ತಾನೇ ನಾಚಿದವನಂತೆ ತಲೆಗೆ ಟೋಪಿ ಇಟ್ಟುಕೊಂಡು ಪಾಳಿಗೆ ಹೊರಟುಹೋದ.

ಮಾರನೆಯ ಬೆಳಿಗ್ಗೆ ಹೊಸ್ತಿಲ ಮೇಲೆ ಯಾರೂ ಕೂತಿರಲಿಲ್ಲ.

ತೋಪಿನ ಗೇಟಿಗೆ ಒಳಗಿನಿಂದ ಚಿಲಕ ಹಾಕಿತ್ತು. ಅವಳನ್ನು ಕಂಡು ಚಲಪತಿ ಓಡಿಬಂದ. ಆದರೆ ಚಿಲಕ ತೆಗೆಯಲಿಲ್ಲ. "ಮೇಷ್ಟ್ರು ಬೇಡ ಅಂದವ್ರೆ ಅಕ್ಕಾ" ಎಂದ. ಹೆಂಗಸರ ಶೆಡ್ಡಿನಲ್ಲಿ ಇಬ್ಬರೇ ಉಳಿದಿದ್ದಾರಂತೆ. ಮಿಕ್ಕವರು, ಮುಟ್ಟುವವರು ಇಲ್ಲದ ಮೇಲೆ ಇದ್ದೇನು ಎಂದು ಹೊರಟುಹೋದರಂತೆ. ಆಮೇಲೆ ದನಿ ತಗ್ಗಿಸಿದ. "ನೀನು ಓದ ದಿನದಿಂದ ಮೇಷ್ಟ್ರು ಒಂದು ಅಗುಳು ಮುಟ್ಟಿಲ್ಲ. ಬರೀ ನೀರು. ಆಯಮ್ಮ ಬದುಕಿದ್ಲು ಅಂತ ಕೇಳಿದ ಮೇಲೂ ಉಪವಾಸ ಬುಟ್ಟಿಲ್ಲ. ಯಾಕೆ ಅಂತ ಏಳಾಕಿಲ್ಲ. ಮಲಗೇ ಅವ್ರೆ."

ಕದಿರಮ್ಮ ಬರುವಾಗ ದಾರಿಯುದ್ದಕ್ಕೂ ಏನೇನೋ ಮಾತು ಜೋಡಿಸಿಕೊಂಡು ಬಂದಿದ್ದಳು. ಕಾಲಿಗೆ ಬೀಳಬೇಕೆಂದೂ ಒಮ್ಮೆ ಅಂದುಕೊಂಡಿದ್ದಳು. ಇದನ್ನು ಕೇಳಿದ್ದೇ ಅವೆಲ್ಲ ಹೋಗಿ ಸಿಟ್ಟು ನೆತ್ತಿಗೇರಿತು. ಗೇಟಿನ ಸಂದಿನಲ್ಲಿ ಕೈ ತೂರಿಸಿ ತಾನೇ ಚಿಲಕ ಎಳೆದಳು. ಚಲಪತಿ ತಡೆಯಲಿಲ್ಲ, ಹಿಂದೆ ಹಿಂದೆಯೇ ಬಂದ.

ಮೇಷ್ಟ್ರು ತಮ್ಮ ಕೋಣೆಯಲ್ಲಿ ಚಾಪೆಯ ಮೇಲೆ ಮಲಗಿದ್ದರು. ಕೆನ್ನೆ ಒಳಕ್ಕೆ ಹೋಗಿತ್ತು. ಕಣ್ಣು ಮಾತ್ರ ಹಾಗೇ ಇದ್ದವು. "ಬರಬೇಡ ಅಂದಿದ್ದೆ" ಎಂದರು.

"ಅಂದಿದ್ರಿ. ಬಂದಿದೀನಿ."

"ನನ್ನ ಮೇಲೆ ನಂಬಿಕೆ ಇಲ್ಲದವಳಿಗೆ ನಾನು ಏನು ಕಲಿಸಲಿ?"

"ನಂಬಿಕೆ ಕಲಿಯಾಕೆ ನಾನು ಬರ್ಲಿಲ್ಲ ಮೇಷ್ಟ್ರೇ. ಕೆಲ್ಸ ಕಲಿಯಾಕೆ ಬಂದೆ." ಅವಳು ಚಾಪೆಯ ಹತ್ತಿರಕ್ಕೆ ಬಂದಳು. "ನೀವು ಇಲ್ಲಿ ಮಲಗಿ ಒಟ್ಟೆ ಒಣಗ್ಸಿದ್ರೆ ನರಸಮ್ಮಂಗೆ ಏನು ಬಂತು? ಪಟ್ಟಿ ಆಕಿದ್ದು ನಾನು, ಎನಿಮಾ ಕೊಟ್ಟಿದ್ದು ನಾನು. ನಾನೂ ಉಪವಾಸ ಕೂತ್ರೆ ನಾಳೆ ಬರೋ ಎಣ್ಣುಮಗಳ ಒಟ್ಟೆ ಮುಟ್ಟೋರು ಯಾರು? ಅವಳಿಗೂ ನೋವು ಓಯ್ತು, ನೋಡಿದೆಯಾ, ಅನ್ನಾದಾ?"

ಚಲಪತಿ ಬಾಗಿಲವಾಡ ಹಿಡಿದುಕೊಂಡ. ಮೇಷ್ಟ್ರ ಜೊತೆ ಹಾಗೆ ಮಾತಾಡಿದವರನ್ನು ಅವನು ಕಂಡಿರಲಿಲ್ಲ.

ಮೇಷ್ಟ್ರು ಒಂದು ಕೈ ನೆಲಕ್ಕೆ ಊರಿ ಮೆಲ್ಲಗೆ ಎದ್ದು ಕೂತರು. "ಜೈಲಿನಲ್ಲಿ ನನ್ನ ಪಕ್ಕದವನೊಬ್ಬ ಹೊಟ್ಟೆನೋವು ಹೊಟ್ಟೆನೋವು ಅಂತ ಸತ್ತ" ಎಂದರು. "ನಾವು ಅವನಿಗೆ ನೀರು ಕುಡಿಸುತ್ತಾ ಕೂತಿದ್ದೆವು. ಅವನದೂ ಸಾಯುವ ಮುಂಚೆ ನೋವು ನಿಂತಿತ್ತು." ಕನ್ನಡಕಕ್ಕಾಗಿ ತಡಕಿದರು. ಚಲಪತಿ ತಂದುಕೊಟ್ಟ.

"ಆ ಡಾಕ್ಟರು ಏನಂದರು?"

ಕದಿರಮ್ಮ ಹೇಳಿದಳು. ಹೊಕ್ಕುಳಿನಿಂದ ಬಲಕ್ಕೆ ಇಳಿಯುವುದು, ಒತ್ತಿ ಬಿಡುವುದು, ಎನಿಮಾ ಕೊಡಬಾರದ್ದು, ಎಲ್ಲ. ಮೇಷ್ಟ್ರು ಮಧ್ಯೆ ಬಾಯಿ ಹಾಕದೆ ಕೇಳಿದರು. ಕೇಳಿ ಮುಗಿಸಿ, "ಚಲಪತಿ, ಅಂಗಿ ತೆಗೆದು ಆ ಹಲಗೆ ಮೇಲೆ ಮಲಗು" ಎಂದರು.

ಚಲಪತಿ ಬೆಪ್ಪನಾಗಿ ಇಬ್ಬರ ಮುಖವನ್ನೂ ನೋಡಿ, ಮಲಗಿದ. ಮೇಷ್ಟ್ರು ಗೋಡೆ ಹಿಡಿದುಕೊಂಡು ಬಂದು ಅವನ ಪಕ್ಕ ಮಂಡಿಯೂರಿ ಕೂತು, ಹೊಟ್ಟೆಯ ಮೇಲೆ ಕೈ ಇಟ್ಟರು. "ಎಲ್ಲಿ?"

"ಇನ್ನೂ ಕೆಳಗೆ. ಬಲಕ್ಕೆ. ಅಲ್ಲಿ."

"ಬಿಗಿ ಹಿಡಿಯೋ" ಎಂದರು ಮೇಷ್ಟ್ರು. ಚಲಪತಿ ಉಸಿರು ಕಟ್ಟಿ ಹೊಟ್ಟೆ ಬಿಗಿದ. "ಇಷ್ಟು ಗಟ್ಟಿ ಇತ್ತೇ?"

ಹೆಂಗಸರ ಶೆಡ್ಡಿನ ಇಬ್ಬರೂ ಬಂದು ಕಿಟಕಿಯಲ್ಲಿ ನಿಂತಿದ್ದರು. ಕದಿರಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಬಗ್ಗಿ, ಮೇಷ್ಟ್ರ ಸಣಕಲು ಬೆರಳುಗಳನ್ನೇ ನೋಡಿದಳು.

"ಇಲ್ಲ. ಇನ್ನೂ ಗಟ್ಟಿ."

ಚಲಪತಿಯ ಮುಖ ಕೆಂಪಾಯಿತು. ಮೇಷ್ಟ್ರು ಮೆಲ್ಲಗೆ ಒತ್ತಿದರು, ಥಟ್ಟನೆ ಕೈ ಬಿಟ್ಟರು.

"ಇನ್ನೊಂದ್ಸಲ" ಎಂದಳು ಕದಿರಮ್ಮ.